ಬೆಳಕಿನ ಅಣುವಿಗೊಂದು ಕಾವಲು



ಊಟ ಮಾಡುವಾಗ ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲಿದರೆ ಅರಿಶಿನದ ಕಲೆ ಕೂತುಬಿಡುತ್ತದೆ. ಸೋಪು ಹಚ್ಚಿ ಉಜ್ಜಿದರೆ ಕಲೆ ಕೆಂಪಾಗುತ್ತದೆಯೇ ಹೊರತು ಹೋಗುವುದಿಲ್ಲ. ಅದೇ ಪಂಚೆಯನ್ನು ಒಗೆದು ಕಡು ಬಿಸಿಲಿನಲ್ಲಿ ಹರವಿ ನೋಡಿ. ಸಂಜೆಯ ಹೊತ್ತಿಗೆ ಕಲೆ ಮಸುಕಾಗಿರುತ್ತದೆ, ಇನ್ನೊಂದೆರಡು ಬಿಸಿಲು ಕಂಡರೆ ಹೇಳಹೆಸರಿಲ್ಲದಂತೆ ಹೋಗಿರುತ್ತದೆ. ಇದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಇಲ್ಲಿ ಬಿಸಿಲು ಬಣ್ಣವನ್ನು ಬಟ್ಟೆಯಿಂದ ಕಿತ್ತು ತೆಗೆಯುವುದಿಲ್ಲ, ಬಣ್ಣದ ಅಣುವನ್ನೇ ಒಡೆದುಹಾಕುತ್ತದೆ. ಆ ಅಣುವಿನ ಹೆಸರು ಕರ್ಕ್ಯುಮಿನ್.

ಇದೇ ಕರ್ಕ್ಯುಮಿನ್ ಬೆಳಕು ಬೀರುವ ಅಣುವೂ ಹೌದು. ಒಂದು ಚಿಟಿಕೆ ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ, ಪುಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯ ಮೇಲೆ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಹಾಯಿಸಿದರೆ ಹಸಿರು ಬೆರೆತ ಹಳದಿ ಹೊಳಪು ಕಾಣುತ್ತದೆ. ಹೊಳೆಯುವುದಕ್ಕೂ ಬಿಸಿಲಿಗೆ ಸಾಯುವುದಕ್ಕೂ ಆರಂಭ ಒಂದೇ ಕಡೆ. ಎರಡಕ್ಕೂ ಮೊದಲು ಅಣು ಬೆಳಕನ್ನು ನುಂಗಬೇಕು. ನುಂಗಿದ ಶಕ್ತಿಯನ್ನು ಮತ್ತೆ ಬೆಳಕಾಗಿ ಹೊರಗೆ ಬಿಟ್ಟರೆ ಅಣು ಉಳಿಯಿತು. ಅದೇ ಶಕ್ತಿ ಅಣುವಿನ ಬಂಧಗಳ ಕಡೆಗೆ ತಿರುಗಿದರೆ ಅಣು ಮುರಿಯಿತು. ಕಾರ್ಬನ್ನಿನಿಂದ ಕಟ್ಟಿದ, ಎಂದರೆ ಸಾವಯವವಾದ, ಪ್ರತಿಯೊಂದು ಬೆಳಕಿನ ಅಣುವೂ, ಬಟ್ಟೆಯ ಬಣ್ಣವಾಗಲಿ, ಆಸ್ಪತ್ರೆಯಲ್ಲಿ ರಕ್ತನಾಳ ನೋಡಲು ಚುಚ್ಚುವ ದ್ರವವಾಗಲಿ, ಫೋನಿನ ಪರದೆಯಾಗಲಿ, ಈ ಅಪಾಯದಲ್ಲೇ ಕೆಲಸ ಮಾಡುತ್ತದೆ.

ಇಂಥ ಅಣುಗಳನ್ನು ಬಾಳಿಕೆ ಬರುವಂತೆ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು. ಬಹಳ ಕಾಲ ರಸಾಯನಶಾಸ್ತ್ರಜ್ಞರು ಇದಕ್ಕೆ ಉತ್ತರವನ್ನು ಅಣುವಿನ ಒಳಗೇ ಹುಡುಕಿದರು. ಇಲ್ಲೊಂದು ಪರಮಾಣು ಬದಲಿಸು, ಅಲ್ಲೊಂದು ಗುಂಪು ಸೇರಿಸು ಎಂದು ನೂರಾರು ಹೊಸ ಅಣುಗಳನ್ನು ಮಾಡಿದರು. ಅದರಿಂದ ಒಳ್ಳೆಯ ಫಲವೂ ಸಿಕ್ಕಿತು. ಆದರೆ ಅಣುವಿನ ಬಾಳಿಕೆಯನ್ನು ಅದರ ರಚನೆಯಷ್ಟೇ ಅದರ ನೆರೆಹೊರೆಯೂ ತೀರ್ಮಾನಿಸುತ್ತದೆ. ಅಣುವನ್ನು ಮುಟ್ಟದೆ ಅದರ ಸುತ್ತಲಿನ ಜಾಗವನ್ನು ಜೋಡಿಸುವ ಶಾಸ್ತ್ರವೊಂದಿದೆ. ಅದೇ ಸುಪ್ರಾಮಾಲಿಕ್ಯುಲಾರ್ ರಸಾಯನಶಾಸ್ತ್ರ. ಮಾತಿನ ಅನುಕೂಲಕ್ಕೆ ನಾನದನ್ನು ಅಣುಕೂಟದ ರಸಾಯನ ಎನ್ನುತ್ತೇನೆ. ಈ ದಾರಿಯೇ ಹೆಚ್ಚು ದೂರ ಹೋಗುವ ದಾರಿ ಎಂಬುದು ನನ್ನ ನಂಬಿಕೆ. ಯಾಕೆ ಎಂದು ಹೇಳುತ್ತೇನೆ.

ಮೊದಲು ಸಾವಿನ ಕಾರಣಗಳನ್ನು ತಿಳಿಯೋಣ. ಬೆಳಕು ನುಂಗಿದ ಅಣುವಿನಲ್ಲಿ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಇದಕ್ಕೆ ಉದ್ರಿಕ್ತ ಸ್ಥಿತಿ ಎಂದು ಹೆಸರು. ಸಾಮಾನ್ಯವಾಗಿ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಆ ಎಲೆಕ್ಟ್ರಾನ್ ಕೆಳಗಿಳಿದು ಬೆಳಕನ್ನು ಕೊಡುತ್ತದೆ. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಹೀಗೆ ಬರುವ ಬೆಳಕಿಗೆ ಪ್ರತಿದೀಪ್ತಿ, ಫ್ಲೂರೆಸೆನ್ಸ್, ಎನ್ನುತ್ತಾರೆ. ಇಷ್ಟು ಚಿಕ್ಕ ಹೊತ್ತಿನಲ್ಲೂ ಎಡವಟ್ಟಿಗೆ ಅವಕಾಶ ಬೇಕಾದಷ್ಟಿದೆ. ಅಣುವಿಗೆ ತಿರುಗುವ, ಬಾಗುವ ಭಾಗಗಳಿದ್ದರೆ ಶಕ್ತಿ ಆ ಅಲುಗಾಟದಲ್ಲೇ ಸೋರಿ ಬಿಸಿಯಾಗುತ್ತದೆ. ಪಕ್ಕದಲ್ಲಿ ಅದೇ ಜಾತಿಯ ಇನ್ನೊಂದು ಅಣು ಅಂಟಿಕೊಂಡಿದ್ದರೆ ಎರಡೂ ಸೇರಿ ಮಂಕಾಗುತ್ತವೆ. ಅದಕ್ಕೇ ನೀರಿನಲ್ಲಿ ಒಂದು ಹನಿ ಬೆರೆಸಿದಾಗ ಪ್ರಖರವಾಗಿ ಹೊಳೆಯುವ ಎಷ್ಟೋ ಬಣ್ಣಗಳು ಒಣಗಿಸಿ ಪುಡಿ ಮಾಡಿದಾಗ ಹೊಳೆಯುವುದೇ ಇಲ್ಲ. ಇನ್ನು ಅತ್ಯಂತ ಕೆಡುಕು ಮಾಡುವುದು ನಾವು ಉಸಿರಾಡುವ ಆಕ್ಸಿಜನ್. ಉದ್ರಿಕ್ತ ಅಣುವಿನಿಂದ ಶಕ್ತಿ ಪಡೆದ ಆಕ್ಸಿಜನ್ ಸಿಂಗ್ಲೆಟ್ ಆಕ್ಸಿಜನ್ ಎಂಬ ಉಗ್ರ ರೂಪ ತಾಳಿ, ತನಗೆ ಶಕ್ತಿ ಕೊಟ್ಟ ಅಣುವನ್ನೇ ತಿಂದುಹಾಕುತ್ತದೆ. ಫ್ಲೂರೆಸೀನ್ ಎಂಬ ಹೆಸರುವಾಸಿ ಬಣ್ಣವಿದೆ, 1871ರಲ್ಲಿ ಜರ್ಮನಿಯ ಬೇಯರ್ ತಯಾರಿಸಿದ್ದು. ಅದರ ಒಂದೊಂದು ಅಣುವೂ ನೀರಿನಲ್ಲಿ ಹತ್ತಾರು ಸಾವಿರ ಬೆಳಕಿನ ಕಣಗಳನ್ನು ಕೊಡುವಷ್ಟರಲ್ಲಿ ಮುಗಿದುಹೋಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶ ನೋಡುತ್ತ ಕುಳಿತವರಿಗೆ ಕಣ್ಣೆದುರೇ ಚಿತ್ರ ಅಳಿಸಿಹೋಗುವುದು ಈ ಕಾರಣಕ್ಕೆ.

ನಿಸರ್ಗ ಈ ತೊಡಕನ್ನು ಎಂದೋ ಬಗೆಹರಿಸಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಸಮುದ್ರದಲ್ಲಿ ಅಕ್ವೋರಿಯಾ ವಿಕ್ಟೋರಿಯಾ ಎಂಬ ಲೋಳೆಮೀನು ಇದೆ. ಅದರಿಂದ ಒಸಾಮು ಶಿಮೊಮುರಾ 1960ರ ದಶಕದ ಆರಂಭದಲ್ಲಿ ಹಸಿರಾಗಿ ಹೊಳೆಯುವ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಮುಂದೆ ಆ ಪ್ರೋಟೀನು ಜೀವವಿಜ್ಞಾನದ ದೊಡ್ಡ ಸಾಧನವಾಯಿತು. 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ಚೆನ್ ಮೂವರಿಗೆ ನೊಬೆಲ್ ಬಂತು. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ರಚನೆ. 238 ಅಮೈನೋ ಆಮ್ಲಗಳ ಸರಪಣಿ ಮಡಿಚಿಕೊಂಡು ಪೀಪಾಯಿಯ ಆಕಾರ ತಾಳಿದೆ. ಅದರ ನಡುಮಧ್ಯದಲ್ಲಿ ಮೂರೇ ಮೂರು ಅಮೈನೋ ಆಮ್ಲಗಳು ಸೇರಿ ಆದ ಬೆಳಕಿನ ಭಾಗ ಕುಳಿತಿದೆ. ಆ ಭಾಗವನ್ನಷ್ಟೇ ಪ್ರತ್ಯೇಕವಾಗಿ ತಯಾರಿಸಿ ನೀರಿಗೆ ಹಾಕಿದರೆ ಅದು ಹೊಳೆಯುವುದಿಲ್ಲ ಎಂದೇ ಹೇಳಬೇಕು. ತನ್ನ ಪಾಡಿಗೆ ತಿರುಗಾಡಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪೀಪಾಯಿಯ ಒಳಗೆ ಸುತ್ತಲ ಗೋಡೆ ಅದನ್ನು ಹಿಡಿದು ನಿಲ್ಲಿಸುತ್ತದೆ, ಹೊರಗಿನ ನೀರನ್ನೂ ಆಕ್ಸಿಜನ್ನನ್ನೂ ದೂರ ಇಡುತ್ತದೆ. ಆಗ ನುಂಗಿದ ಬೆಳಕಿನ ಹೆಚ್ಚಿನ ಪಾಲು ಹಸಿರಾಗಿ ಹೊರಗೆ ಬರುತ್ತದೆ. ಲಾಟೀನಿನ ಗಾಜು ಗಾಳಿಯನ್ನು ತಡೆದು ಬೆಳಕನ್ನು ಬಿಡುತ್ತದಲ್ಲ, ಆ ಬಗೆಯ ಕೆಲಸ ಇದು.

ಮನುಷ್ಯರು ಇಂಥ ಗೋಡೆಗಳನ್ನು ಕಟ್ಟಲು ಕಲಿತದ್ದು ಇತ್ತೀಚೆಗೆ. ಆ ಕಥೆಯಲ್ಲಿ ನನಗೆ ತುಂಬ ಗೌರವ ಇರುವ ವ್ಯಕ್ತಿ ಚಾರ್ಲ್ಸ್ ಪೆಡರ್ಸನ್. 1904ರಲ್ಲಿ ಕೊರಿಯಾದ ಬೂಸಾನಿನಲ್ಲಿ ಹುಟ್ಟಿದವರು. ತಂದೆ ನಾರ್ವೆಯವರು, ತಾಯಿ ಜಪಾನಿನವರು. ಡಾಕ್ಟರೇಟ್ ಪಡೆಯದೆಯೇ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೀವಮಾನವಿಡೀ ರಸಾಯನದ ಕೆಲಸ ಮಾಡಿದರು. ಬೇರೇನೋ ಮಾಡಲು ಹೋದಾಗ ಪಾತ್ರೆಯಲ್ಲಿ ಒಂದು ಪ್ರತಿಶತಕ್ಕೂ ಕಡಿಮೆ ಉಳಿದ ಬಿಳಿ ಹರಳನ್ನು ಅವರು ಎಸೆಯಲಿಲ್ಲ, ಅದೇನೆಂದು ಬೆನ್ನು ಹತ್ತಿದರು. ಅದೊಂದು ಉಂಗುರದ ಆಕಾರದ ಅಣು. ನಡುವಿನ ರಂಧ್ರದಲ್ಲಿ ಪೊಟ್ಯಾಸಿಯಮ್ ಅಯಾನನ್ನು ಕೂರಿಸಿಕೊಳ್ಳುತ್ತಿತ್ತು. ಕ್ರೌನ್ ಈಥರ್ ಎಂದು ಹೆಸರಾದ ಆ ಅಣುಗಳ ವಿಷಯವನ್ನು ಅವರು 1967ರಲ್ಲಿ ಪ್ರಕಟಿಸಿದಾಗ ಅವರಿಗೆ ಅರವತ್ತು ದಾಟಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜ್ಯಾನ್ ಮಾರಿ ಲೇನ್, ಲಾಸ್ ಏಂಜಲೀಸಿನಲ್ಲಿ ಡೊನಾಲ್ಡ್ ಕ್ರಾಮ್ ಇದನ್ನು ಮುಂದಕ್ಕೆ ಒಯ್ದರು. 1987ರ ನೊಬೆಲ್ ಮೂವರಿಗೂ ಹಂಚಿಕೆಯಾಯಿತು.

ಇಲ್ಲಿ ಒಳಗೆ ಜಾಗ ಕೊಡುವ ಆತಿಥೇಯ ಅಣುವನ್ನೂ ಆ ಜಾಗದಲ್ಲಿ ಕೂರುವ ಅತಿಥಿ ಅಣುವನ್ನೂ ಹಿಡಿದಿಡುವುದು ಗಟ್ಟಿ ಬಂಧಗಳಲ್ಲ. ಎರಡು ಕಾರ್ಬನ್ ಪರಮಾಣುಗಳ ನಡುವಿನ ಬಂಧ ಮುರಿಯಲು ಮೋಲ್ ಎಂಬ ರಸಾಯನದ ಅಳತೆ ಒಂದಕ್ಕೆ ಸುಮಾರು 350 ಕಿಲೋಜೂಲ್ ಶಕ್ತಿ ಬೇಕು. ಸಾಧಾರಣ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ಇಷ್ಟು ದುರ್ಬಲವಾದ ಹಿಡಿತಗಳೇ ಹತ್ತಾರು ಕಡೆ ಏಕಕಾಲಕ್ಕೆ ಕೂಡಿಬಂದಾಗ, ಆಕಾರಕ್ಕೆ ಆಕಾರ ಸರಿಯಾಗಿ ಹೊಂದಿಕೊಂಡಾಗ, ಅಣು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಇದರ ಬಲ ಎಷ್ಟು ಎಂಬುದನ್ನು ಕ್ರಾಮ್ 1991ರಲ್ಲಿ ತೋರಿಸಿದರು. ಸೈಕ್ಲೋಬ್ಯುಟಡೈಯೀನ್ ಎಂಬ ನಾಲ್ಕು ಕಾರ್ಬನ್ನಿನ ಅಣು ಇನ್ನೊಂದು ತನ್ನಂಥದೇ ಅಣು ಸಿಕ್ಕ ತಕ್ಷಣ ಕೂಡಿಕೊಂಡು ಇಲ್ಲವಾಗುತ್ತದೆ. ಕೋಣೆಯ ತಾಪದಲ್ಲಿ ಅದನ್ನು ಇಟ್ಟುಕೊಳ್ಳುವುದು ಯಾರಿಗೂ ಸಾಧ್ಯವಾಗಿರಲಿಲ್ಲ. ಕ್ರಾಮ್ ಅದನ್ನು ಒಂದು ಪೊಳ್ಳು ಅಣುವಿನ ಹೊಟ್ಟೆಯೊಳಗೇ ಹುಟ್ಟಿಸಿದರು. ಜೊತೆಗೆ ಕೂಡಲು ಇನ್ನೊಂದು ಅಣು ಒಳಗೆ ಬರಲಾರದ್ದರಿಂದ ಅದು ಸುಮ್ಮನೆ ಉಳಿಯಿತು. ಅಣುವಿನ ಒಂದು ಪರಮಾಣುವನ್ನೂ ಬದಲಿಸದೆ ಅದರ ಆಯುಷ್ಯವನ್ನು ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಳಕಿನ ಅಣುಗಳ ಕಡೆಗೆ ಬರೋಣ. ರೋಡಮಿನ್ 6ಜಿ ಎಂಬ ಗುಲಾಬಿ ಕೆಂಪು ಬಣ್ಣವನ್ನು ಲೇಸರ್ ಯಂತ್ರಗಳಲ್ಲಿ ಬಳಸುತ್ತಾರೆ. ಬಣ್ಣವನ್ನು ಕರಗಿಸಿದ ದ್ರವ ಯಂತ್ರದೊಳಗೆ ಸದಾ ಹರಿಯುತ್ತಿರಬೇಕು. ಆ ದ್ರವ ಸಾಮಾನ್ಯವಾಗಿ ಆಲ್ಕೊಹಾಲು. ಆಲ್ಕೊಹಾಲಿಗೆ ಬೆಂಕಿಯ ಭಯ. ನೀರನ್ನು ಬಳಸಿದರೆ ಬೆಂಕಿಯ ಭಯ ಇಲ್ಲ, ನೀರು ಬಿಸಿಯನ್ನೂ ಚೆನ್ನಾಗಿ ಹೊರುತ್ತದೆ. ಆದರೆ ನೀರಿನಲ್ಲಿ ರೋಡಮಿನ್ ಅಣುಗಳು ಜೋಡಿ ಜೋಡಿಯಾಗಿ ಅಂಟಿಕೊಂಡು ಮಂಕಾಗುತ್ತವೆ. ಇದಕ್ಕೆ ಕುಕುರ್ಬಿಟುರಿಲ್ ಎಂಬ ಆತಿಥೇಯ ಅಣು ಉತ್ತರ ಕೊಟ್ಟಿತು. ಕುಂಬಳಕಾಯಿಯ ಆಕಾರದ, ಮೇಲೂ ಕೆಳಗೂ ತೆರೆದ ಈ ಪೊಳ್ಳು ಅಣುವನ್ನು ಜರ್ಮನಿಯ ಬೆರೆಂಡ್ 1905ರಲ್ಲೇ ತಯಾರಿಸಿದ್ದರೂ ಅದರ ನಿಜವಾದ ರಚನೆ ತಿಳಿದದ್ದು 1981ರಲ್ಲಿ. ಏಳು ಘಟಕಗಳ ಕುಕುರ್ಬಿಟುರಿಲ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. 2005ರಲ್ಲಿ ಜ್ಯೋತಿರ್ಮಯೀ ಮೊಹಂತಿ ಮತ್ತು ವೆರ್ನರ್ ನಾವ್ ಇದನ್ನು ರೋಡಮಿನ್ನಿನ ಜೊತೆ ನೀರಿಗೆ ಹಾಕಿ ನೋಡಿದರು. ಅಂಟಿಕೊಂಡಿದ್ದ ಅಣುಗಳು ಬಿಡಿಸಿಕೊಂಡು ಒಂದೊಂದೂ ಒಂದೊಂದು ಆತಿಥೇಯನ ಹಿಡಿತಕ್ಕೆ ಬಂದವು. ಬೆಳಕಿನಲ್ಲಿ ಹಾಳಾಗುವ ವೇಗ ಬಹಳ ತಗ್ಗಿತು. ಮೊಹಂತಿ ಅವರು ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿ. 2010ರಲ್ಲಿ ಅವರೂ ಸಂಗಡಿಗರೂ ಇದೇ ಉಪಾಯದಿಂದ ನೀರನ್ನೇ ದ್ರವವಾಗಿಟ್ಟುಕೊಂಡು ಲೇಸರನ್ನು ನಡೆಸಿದ್ದನ್ನು ಪ್ರಕಟಿಸಿದರು. ಹೊಸ ಬಣ್ಣವನ್ನು ಕಂಡುಹಿಡಿಯಬೇಕಾಗಲಿಲ್ಲ. ಹಳೆಯ ಬಣ್ಣ, ನೀರು, ಒಂದು ಪೊಳ್ಳು ಅಣು, ಇಷ್ಟರಿಂದಲೇ ಕೆಲಸವಾಯಿತು.

ಹಾಗಾದರೆ ಯಾವ ಅಣುವನ್ನು ಯಾವ ಆತಿಥೇಯನೊಳಗೆ ಕೂರಿಸಿದರೂ ಬಾಳಿಕೆ ಬರುತ್ತದೆಯೇ? ಖಂಡಿತ ಇಲ್ಲ. ಅರಿಶಿನದ ಕರ್ಕ್ಯುಮಿನ್ನೇ ಇದಕ್ಕೆ ಉದಾಹರಣೆ. ಅದು ನೀರಿನಲ್ಲಿ ಕರಗುವುದೇ ಕಷ್ಟ, ಕರಗಿದರೂ ಕ್ಷಾರ ಸ್ವಲ್ಪ ಇದ್ದರೆ ಅರ್ಧ ಗಂಟೆಯೊಳಗೆ ಬಹುಪಾಲು ಕೆಟ್ಟುಹೋಗುತ್ತದೆ. ನಾರ್ವೆಯ ಹನ್ನೆ ಟೊನ್ನೆಸನ್ ಮತ್ತು ಐಸ್‌ಲ್ಯಾಂಡಿನ ಸಂಶೋಧಕರು ಅದನ್ನು ಸೈಕ್ಲೋಡೆಕ್ಸ್‌ಟ್ರಿನ್ ಒಳಗೆ ಕೂರಿಸಿದರು. ಸೈಕ್ಲೋಡೆಕ್ಸ್‌ಟ್ರಿನ್ ಎಂದರೆ ಆರು, ಏಳು ಅಥವಾ ಎಂಟು ಗ್ಲೂಕೋಸ್ ಘಟಕಗಳು ಸೇರಿದ ಉಂಗುರ, ಪಿಷ್ಟದಿಂದ ತಯಾರಾಗುವ ವಸ್ತು. 2002ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎರಡು ಮುಖದ್ದು. ಕರಗುವಿಕೆ ಹತ್ತು ಸಾವಿರ ಪಟ್ಟು ಏರಿತು, ಕ್ಷಾರದ ಕಾಟ ತುಂಬ ಕಡಿಮೆಯಾಯಿತು. ಆದರೆ ಬೆಳಕಿಗೆ ಹಾಳಾಗುವ ವೇಗ ಮಾತ್ರ ಸಾವಯವ ದ್ರಾವಕಗಳಲ್ಲಿ ಇದ್ದುದಕ್ಕಿಂತ ಹೆಚ್ಚಾಯಿತು. ಒಂದು ಶತ್ರುವಿನಿಂದ ಕಾಪಾಡಿದ ಆವರಣ ಇನ್ನೊಂದಕ್ಕೆ ಒಪ್ಪಿಸಿಬಿಟ್ಟಿತು. ಗೆದ್ದ ಪ್ರಯೋಗಗಳಷ್ಟೇ ಗಮನವನ್ನು ಈ ಪ್ರಯೋಗಕ್ಕೂ ಕೊಡಬೇಕು ಎಂದು ನನಗೆ ಅನ್ನಿಸುತ್ತದೆ. ಅಣು ಯಾವ ದಾರಿಯಲ್ಲಿ ಸಾಯುತ್ತಿದೆ ಎಂದು ಮೊದಲು ತಿಳಿಯದೆ ಆವರಣ ಕಟ್ಟಿದರೆ ಪ್ರಯೋಜನವಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಸಾಯುವ ದಾರಿಯನ್ನು ಸರಿಯಾಗಿ ತಿಳಿದು ಕಟ್ಟಿದ ಒಂದು ಉದಾಹರಣೆ ಸ್ಕ್ವರೇನ್. ಇದು ಕೆಂಪಿನ ಕೊನೆ ಮತ್ತು ಅದರಾಚೆಯ ಬೆಳಕಿನಲ್ಲಿ ಕೆಲಸ ಮಾಡುವ ಬಣ್ಣ. ಮಾಂಸ ಚರ್ಮಗಳ ಮೂಲಕ ಆ ಬೆಳಕು ಬೇರೆ ಬಣ್ಣಗಳಿಗಿಂತ ಚೆನ್ನಾಗಿ ಹಾಯುವುದರಿಂದ ದೇಹದೊಳಗೆ ನೋಡಲು ಇಂಥ ಅಣುಗಳು ಬೇಕು. ಆದರೆ ಸ್ಕ್ವರೇನಿನ ನಡುವೆ ಇರುವ ನಾಲ್ಕು ಕಾರ್ಬನ್ನಿನ ಚೌಕಕ್ಕೆ ಎಲೆಕ್ಟ್ರಾನ್ ಕೊರತೆ. ಎಲೆಕ್ಟ್ರಾನ್ ಹೆಚ್ಚಾಗಿರುವ ಯಾವ ಅಣು ಬಂದರೂ ಅಲ್ಲೇ ಕಚ್ಚುತ್ತದೆ, ಬಣ್ಣ ಹೋಗುತ್ತದೆ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಬ್ರ್ಯಾಡ್ಲಿ ಸ್ಮಿತ್ ಮತ್ತು ಜೊತೆಗಾರರು 2005ರಲ್ಲಿ ಆ ಚೌಕದ ಮೇಲೆಯೇ ಒಂದು ದೊಡ್ಡ ಉಂಗುರವನ್ನು ಏರಿಸಿ, ಎರಡು ತುದಿಗೂ ದಪ್ಪ ಗುಂಪುಗಳನ್ನು ಕಟ್ಟಿದರು. ಉಂಗುರ ಜಾರಿ ಹೊರಗೆ ಬೀಳುವಂತಿಲ್ಲ. ಇಂಥ ಜೋಡಣೆಗೆ ರೊಟಾಕ್ಸೇನ್ ಎಂದು ಹೆಸರು. ಪೆಟ್ಟು ಬೀಳುತ್ತಿದ್ದ ಒಂದೇ ಜಾಗವನ್ನು ಮುಚ್ಚಿದ್ದರಿಂದ ಬಣ್ಣದ ಆಯುಷ್ಯ ಎಷ್ಟೋ ಹೆಚ್ಚಿತು.

ದ್ರಾವಣದಲ್ಲಿ ಇಷ್ಟೆಲ್ಲ ಆಯಿತು. ಘನರೂಪದ ಕಥೆ ಬೇರೆ, ಕಷ್ಟವೂ ಹೆಚ್ಚು. ಅಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುವುದರಿಂದ ಒಂದನ್ನೊಂದು ಮಂಕು ಮಾಡುವುದು ಮಾಮೂಲು. ಹಾಂಗ್‌ಕಾಂಗಿನಲ್ಲಿ ಬೆನ್ ಝೊಂಗ್ ಟ್ಯಾಂಗ್ 2001ರಲ್ಲಿ ಇದಕ್ಕೆ ತದ್ವಿರುದ್ಧವಾದ ಅಣುಗಳನ್ನು ಕಂಡರು. ಅವು ಬಿಡಿಯಾಗಿದ್ದಾಗ ತಿರುಗಾಡಿ ಮಂಕಾಗಿರುತ್ತವೆ, ಗುಂಪುಗೂಡಿ ಅಲುಗಾಡಲು ಜಾಗ ಇಲ್ಲವಾದಾಗ ಹೊಳೆಯುತ್ತವೆ. ದೊಡ್ಡ ಸಂಶೋಧನೆ ಅದು. ಆದರೆ ಅದಕ್ಕೆ ಹೊಸ ಜಾತಿಯ ಅಣುಗಳೇ ಬೇಕು. ಮೊದಲೇ ಇರುವ ಸಾವಿರಾರು ಒಳ್ಳೆಯ ಬಣ್ಣಗಳ ಗತಿ ಏನು?

ಇದಕ್ಕೆ 2020ರಲ್ಲಿ ಬಂದ ಉತ್ತರ ನನ್ನ ಕಣ್ಣಿಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸೊಗಸಾದದ್ದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಅಮರ್ ಫ್ಲಡ್, ಕೋಪನ್‌ಹೇಗನ್ನಿನ ಬೋ ಲೌರ್ಸನ್ ಮತ್ತು ಸಂಗಡಿಗರು ಅದನ್ನು ಮಾಡಿದರು. ರೋಡಮಿನ್‌ನಂಥ ಬಣ್ಣಗಳು ಧನ ವಿದ್ಯುದಂಶ ಇರುವ ಅಯಾನುಗಳು. ಅವುಗಳ ಜೊತೆಗೆ ಸಮತೂಕಕ್ಕೆ ಒಂದು ಋಣ ಅಯಾನು ಇದ್ದೇ ಇರುತ್ತದೆ. ಎಲ್ಲರ ಗಮನ ಬಣ್ಣದ ಮೇಲಿದ್ದಾಗ ಇವರು ಕೈಹಾಕಿದ್ದು ಆ ಜೊತೆಗಾರ ಅಯಾನಿಗೆ. ಸಯನೋಸ್ಟಾರ್ ಎಂಬ ಐದು ಮೂಲೆಯ, ಬಣ್ಣವಿಲ್ಲದ, ಚಪ್ಪಟೆ ಉಂಗುರವನ್ನು ಫ್ಲಡ್ ಅವರ ಗುಂಪು 2013ರಲ್ಲೇ ತಯಾರಿಸಿತ್ತು. ಅಂಥ ಎರಡು ಉಂಗುರಗಳು ಮೇಲೊಂದು ಕೆಳಗೊಂದು ಕೂತು ನಡುವೆ ಋಣ ಅಯಾನನ್ನು ಹಿಡಿದುಕೊಳ್ಳುತ್ತವೆ. ಚಿಕ್ಕದಾಗಿದ್ದ ಅಯಾನು ಈಗ ಅಗಲವಾದ ಬಿಲ್ಲೆಯಾಯಿತು. ಹರಳು ಕಟ್ಟುವಾಗ ಧನ ಋಣಗಳು ಒಂದಾದ ಮೇಲೊಂದು ಬರಲೇಬೇಕಾದ್ದರಿಂದ ಎರಡು ಬಣ್ಣದ ಅಣುಗಳ ನಡುವೆ ಈ ಬಿಲ್ಲೆ ತಾನಾಗಿ ಬಂದು ಕೂರುತ್ತದೆ. ಬಣ್ಣಕ್ಕೆ ಬಣ್ಣ ತಾಗುವುದಿಲ್ಲ. ಬಣ್ಣದ ಅಣುವಿಗೆ ಒಂದು ಹೊಲಿಗೆಯನ್ನೂ ಹಾಕಿಲ್ಲ. ಎರಡು ಪುಡಿಗಳನ್ನು ದ್ರಾವಕದಲ್ಲಿ ಬೆರೆಸಿ ಒಣಗಲು ಬಿಟ್ಟರೆ ಸಾಕು, ದ್ರಾವಣದಲ್ಲಿದ್ದ ಹೊಳಪು ಘನದಲ್ಲೂ ಉಳಿಯುತ್ತದೆ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ದೂರ ಇಟ್ಟ ಮಾತ್ರಕ್ಕೆ ಸಾಲದು. ಆತಿಥೇಯ ಅಣುವಿನ ಎಲೆಕ್ಟ್ರಾನ್ ಮಟ್ಟಗಳು ಬಣ್ಣದ ಅಣುವಿನ ಮಟ್ಟಗಳ ನಡುವೆ ಬಂದು ಸೇರಿಕೊಂಡರೆ ಎಲೆಕ್ಟ್ರಾನ್ ಅದಕ್ಕೆ ಜಿಗಿದು ಬೆಳಕು ಆರುತ್ತದೆ. ಸಯನೋಸ್ಟಾರ್‌ನ ಮಟ್ಟಗಳ ಅಂತರ ದೊಡ್ಡದು, ಬಣ್ಣದ ಮಟ್ಟಗಳೆರಡೂ ಆ ಅಂತರದೊಳಗೇ ಕೂರುತ್ತವೆ. ಹೀಗೆ ಜಾಗದಿಂದಲೂ ವಿದ್ಯುತ್ತಿನಿಂದಲೂ ಅಣುವನ್ನು ಪ್ರತ್ಯೇಕಿಸಿದ್ದಾರೆ. ಆವರಣ ಕಟ್ಟುವವರು ಅಳತೆಪಟ್ಟಿಯನ್ನಷ್ಟೇ ಅಲ್ಲ, ಶಕ್ತಿಯ ಲೆಕ್ಕವನ್ನೂ ಕೈಯಲ್ಲಿ ಹಿಡಿದಿರಬೇಕು.

ಇಲ್ಲಿಯವರೆಗೆ ಹೇಳಿದ್ದು ನ್ಯಾನೋಸೆಕೆಂಡುಗಳಲ್ಲಿ ಮುಗಿಯುವ ಬೆಳಕು. ಇನ್ನೊಂದು ಬಗೆಯ ಬೆಳಕಿದೆ. ಮೇಲೇರಿದ ಎಲೆಕ್ಟ್ರಾನು ತನ್ನ ಸ್ಪಿನ್ ದಿಕ್ಕನ್ನು ಬದಲಿಸಿ ಟ್ರಿಪ್ಲೆಟ್ ಎಂಬ ಸ್ಥಿತಿಗೆ ಬಿದ್ದರೆ, ಕೆಳಗಿಳಿಯಲು ನಿಯಮದ ಅಡ್ಡಿ ಬರುತ್ತದೆ. ಅಣು ಮೈಕ್ರೋಸೆಕೆಂಡುಗಳಿಂದ ಹಿಡಿದು ಸೆಕೆಂಡುಗಳವರೆಗೂ ಕಾಯುತ್ತದೆ. ಕೊನೆಗೆ ಕೊಡುವ ಬೆಳಕೇ ಫಾಸ್ಫರೆಸೆನ್ಸ್. ದೀಪ ಆರಿಸಿದ ಮೇಲೂ ಮಿನುಗುವ ಬೆಳಕು ಇದರಿಂದ ಸಾಧ್ಯ. ಆದರೆ ಕಾಯುವ ಹೊತ್ತು ಹೆಚ್ಚಿದಷ್ಟೂ ಅಲುಗಾಟಕ್ಕೂ ಆಕ್ಸಿಜನ್ನಿಗೂ ಅವಕಾಶ ಹೆಚ್ಚು. ಅದಕ್ಕೇ ಬಹಳ ಕಾಲ ಲೋಹವಿಲ್ಲದ ಸಾವಯವ ಅಣುಗಳ ಈ ಬೆಳಕನ್ನು ನೋಡಬೇಕೆಂದರೆ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರಾವಣವನ್ನು ಗಾಜಿನಂತೆ ಹೆಪ್ಪುಗಟ್ಟಿಸಬೇಕಿತ್ತು.

ಇದನ್ನು ಕೋಣೆಯ ತಾಪದಲ್ಲಿ, ಅದೂ ನೀರಿನಲ್ಲಿ, ಸಾಧಿಸಿದ ಕೆಲಸಗಳಲ್ಲಿ ಮುಖ್ಯವಾದದ್ದೊಂದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ನಡೆದಿದೆ. 1989ರಲ್ಲಿ ಸಿ.ಎನ್.ಆರ್. ರಾವ್ ಅವರ ಸ್ಥಾಪಕ ಅಧ್ಯಕ್ಷತೆಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜಾರ್ಜ್ ಅವರ ಗುಂಪು ವರ್ಷಗಟ್ಟಲೆ ಇದೇ ವಿಷಯದಲ್ಲಿ ತೊಡಗಿದೆ. 2018ರಲ್ಲಿ ಅವರು, ಅದೇ ಸಂಸ್ಥೆಯ ಈಶ್ವರಮೂರ್ತಿ ಮತ್ತಿತರರ ಜೊತೆ, ಧನ ವಿದ್ಯುದಂಶ ಹೊತ್ತ ಸಾವಯವ ಅಣುವನ್ನು ಲ್ಯಾಪೊನೈಟ್ ಎಂಬ ಜೇಡಿಯ ಮೇಲೆ ಕೂರಿಸಿ ನೀರಿನಲ್ಲೇ ಫಾಸ್ಫರೆಸೆನ್ಸ್ ತೋರಿಸಿದರು. ಲ್ಯಾಪೊನೈಟ್ ಕೃತಕವಾಗಿ ತಯಾರಿಸಿದ ಜೇಡಿ. ಅದರ ಕಣಗಳು ಸುಮಾರು 25 ನ್ಯಾನೋಮೀಟರ್ ಅಗಲ, 1 ನ್ಯಾನೋಮೀಟರ್ ದಪ್ಪದ ಬಿಲ್ಲೆಗಳು, ಮೈಮೇಲೆ ಋಣ ವಿದ್ಯುದಂಶ. ವಿರುದ್ಧ ವಿದ್ಯುದಂಶಗಳ ಸೆಳೆತದಿಂದ ಸಾವಯವ ಅಣು ಬಿಲ್ಲೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಲುಗಾಟ ನಿಲ್ಲುತ್ತದೆ. ಹೆಪ್ಪುಗಟ್ಟಿಸುವ ಚಳಿ ಮಾಡುತ್ತಿದ್ದ ಕೆಲಸವನ್ನು ಜೇಡಿ ಮಾಡುತ್ತದೆ. ಮುಂದೆ ಇದೇ ಗುಂಪು ಆ ಕಾಯುವ ಶಕ್ತಿಯನ್ನು ಪಕ್ಕದಲ್ಲಿ ಕೂರಿಸಿದ ಇನ್ನೊಂದು ಬಣ್ಣಕ್ಕೆ ದಾಟಿಸಿ, ಆ ಬಣ್ಣವೂ ತಡವಾಗಿ ಹೊಳೆಯುವಂತೆ ಮಾಡಿತು. ಸುಬಿ ಜಾರ್ಜ್ ಅವರಿಗೆ 2020ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಜಕ್ಕೂರಿನ ದಾರಿಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಆ ಆವರಣದಲ್ಲಿ ನಡೆಯುವ ಈ ಕೆಲಸದ ಸುಳಿವಿಲ್ಲ. ಇದನ್ನು ಕನ್ನಡದಲ್ಲಿ ಹೇಳಬೇಕು ಎಂದು ನನಗೆ ತೀವ್ರವಾಗಿ ಅನ್ನಿಸಿದ್ದೂ ಅದಕ್ಕೇ.

ಇನ್ನು ಫೋನು, ಟಿವಿಗಳ ಪರದೆಯ ಮಾತು. ಒಎಲ್‌ಇಡಿ ಎಂದು ಅಂಗಡಿಯವರು ಹೇಳುವ ಪರದೆಯಲ್ಲಿ ಬೆಳಕು ಕೊಡುವುದು ಸಾವಯವ ಅಣುಗಳ ತೆಳು ಪದರ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇದಕ್ಕೆ ದಾರಿ ಹಾಕಿದರು. ಇಲ್ಲಿ ಅಣುವಿಗೆ ಶಕ್ತಿ ಬರುವುದು ವಿದ್ಯುತ್ತಿನಿಂದ. ಆಗ ನಾಲ್ಕರಲ್ಲಿ ಮೂರು ಪಾಲು ಟ್ರಿಪ್ಲೆಟ್ ಸ್ಥಿತಿಗೇ ಹೋಗುತ್ತದೆ. ಕೆಂಪು, ಹಸಿರು ಬಣ್ಣಗಳಿಗೆ ಇರಿಡಿಯಮ್ ಲೋಹ ಸೇರಿಸಿದ ಅಣುಗಳಿಂದ ಆ ಮೂರು ಪಾಲನ್ನೂ ಬೆಳಕಾಗಿ ಪಡೆಯಲಾಗಿದೆ. ನೀಲಿಯಲ್ಲಿ ಮಾತ್ರ ತೊಂದರೆ ಬಗೆಹರಿದಿಲ್ಲ. ಲೆಕ್ಕ ನೋಡಿ. 620 ನ್ಯಾನೋಮೀಟರಿನ ಕೆಂಪು ಬೆಳಕಿನ ಶಕ್ತಿ ಮೋಲ್‌ಗೆ ಸುಮಾರು 193 ಕಿಲೋಜೂಲ್, 450 ನ್ಯಾನೋಮೀಟರಿನ ನೀಲಿಯದು ಸುಮಾರು 266. ಕಾರ್ಬನ್ ಮತ್ತು ನೈಟ್ರೋಜನ್ ನಡುವಿನ ಒಂಟಿ ಬಂಧ ಮುರಿಯಲು 300ರ ಆಸುಪಾಸು ಸಾಕು. ಕಾಯುತ್ತಿರುವ ಎರಡು ನೀಲಿ ಅಣುಗಳು ತಮ್ಮ ಶಕ್ತಿಯನ್ನು ಒಂದರಲ್ಲೇ ಕೂಡಿಹಾಕಿದರೆ 500 ದಾಟುತ್ತದೆ, ಆಗ ಅಣುವಿನಲ್ಲಿರುವ ಬಹುಪಾಲು ಬಂಧಗಳು ಅಪಾಯದಲ್ಲಿ. ಪರದೆಯಲ್ಲಿ ನೀಲಿ ಬೇಗ ಸೋಲುವುದು ಈ ಕಾರಣದಿಂದ.

ಶಕ್ತಿ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಲು ಎರಡು ಬಗೆಗಳಿವೆ. ಡೆಕ್ಸ್‌ಟರ್ ಬಗೆಗೆ ಅಣುಗಳ ಎಲೆಕ್ಟ್ರಾನ್ ಮೋಡಗಳು ಒಂದಕ್ಕೊಂದು ತಾಗಬೇಕು. ದೂರ ಒಂದು ನ್ಯಾನೋಮೀಟರ್ ಮೀರಿದರೆ ಅದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಫರ್ಸ್ಟರ್ ಬಗೆ ಹತ್ತು ನ್ಯಾನೋಮೀಟರ್‌ವರೆಗೂ ನಡೆಯುತ್ತದೆ. ಟ್ರಿಪ್ಲೆಟ್ ಶಕ್ತಿ ದಾಟುವುದು ಮುಖ್ಯವಾಗಿ ಮೊದಲ ಬಗೆಯಿಂದ, ಪಕ್ಕದ ಅಣುವಿನಿಂದ ಬೆಳಕು ಕೊಡುವ ಅಣುವಿಗೆ ಆಗುವ, ನಮಗೆ ಬೇಕಾದ ಉಪಯುಕ್ತ ದಾಟುವಿಕೆ ಎರಡನೆಯದರಿಂದ. ಎಂದರೆ ಅಣುವಿನ ಸುತ್ತ ಸರಿಯಾದ ದಪ್ಪದ ಕವಚ ಹಾಕಿದರೆ ಬೇಡದ್ದನ್ನು ತಡೆದು ಬೇಕಾದದ್ದನ್ನು ಬಿಡಬಹುದು. 2024ರಲ್ಲಿ ಕೇಂಬ್ರಿಜ್‌ನ ಹ್ಯೂಗೋ ಬ್ರಾನ್‌ಸ್ಟೀನ್ ಮತ್ತು ಸಂಗಡಿಗರು ಕಡುನೀಲಿ ಅಣುವಿಗೆ ಇಂಥ ಕವಚ ಹಾಕಿ ತೋರಿಸಿದರು. ಅವರ ಕವಚ ಅಣುವಿಗೆ ಗಟ್ಟಿ ಬಂಧಗಳಿಂದಲೇ ಹೊಲಿದದ್ದು, ಬಿಡಿ ಆತಿಥೇಯ ಅಲ್ಲ. ಆದರೂ ವಿಚಾರ ಹುಟ್ಟಿದ್ದು ಅಣುಕೂಟದ ರಸಾಯನದ ಮಣ್ಣಿನಲ್ಲೇ. ಸೈಕ್ಲೋಡೆಕ್ಸ್‌ಟ್ರಿನ್ ಉಂಗುರಗಳನ್ನು ಬೆಳಕಿನ ಪಾಲಿಮರ್ ಎಳೆಗೆ ಪೋಣಿಸಿ ಎಳೆಗೆ ಎಳೆ ತಾಗದಂತೆ ಮಾಡಿದ ಕೆಲಸವನ್ನು ಹ್ಯಾರಿ ಆಂಡರ್ಸನ್, ಫ್ರಾಂಕೊ ಕಾಚಿಯಾಲಿ ಮತ್ತಿತರರು 2002ರಲ್ಲೇ ಪ್ರಕಟಿಸಿದ್ದರು. ಪರದೆಯಲ್ಲಿ ಕವಚ ದಪ್ಪವಾದರೆ ವಿದ್ಯುತ್ ಒಳಗೆ ಹೋಗುವುದಿಲ್ಲ, ತೆಳುವಾದರೆ ಕಾವಲು ಸಾಲದು. ಈ ಎರಡರ ನಡುವಿನ ಹದ ಹುಡುಕುವುದೇ ಈಗ ನಡೆಯುತ್ತಿರುವ ಕೆಲಸ, ಅದು ಸುಲಭವಾಗಿ ಮುಗಿಯುವಂಥದ್ದಲ್ಲ.

ಕೊನೆಯದಾಗಿ ನಮ್ಮ ಕಾಲೇಜುಗಳ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ಒಂದು ಮನವಿ. ನಮ್ಮ ಪಾಠಗಳಲ್ಲಿ ಗಟ್ಟಿ ಬಂಧಗಳಿಗೆ ಸಿಗುವ ಜಾಗದಲ್ಲಿ ಸಣ್ಣ ಪಾಲೂ ಈ ದುರ್ಬಲ ಬಂಧಗಳಿಗೆ ಸಿಗುವುದಿಲ್ಲ. ಎಎನ್‌ಎಸ್ ಎಂಬ ಬಣ್ಣ ಅನೇಕ ಜೀವರಸಾಯನ ವಿಭಾಗಗಳಲ್ಲಿ ಇರುತ್ತದೆ. ಬರಿಯ ನೀರಿನಲ್ಲಿ ಅದು ಹೊಳೆಯುವುದು ತೀರ ಕಡಿಮೆ. ಅದಕ್ಕೆ ಅಲ್ಬುಮಿನ್ ಪ್ರೋಟೀನನ್ನೋ ಸೈಕ್ಲೋಡೆಕ್ಸ್‌ಟ್ರಿನ್ನನ್ನೋ ಸೇರಿಸಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ಹೊಳಪು ಏರುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು. ಯಾವುದರಲ್ಲಿ ಹೆಚ್ಚು ಏರಿತು, ಯಾಕೆ ಏರಿತು ಎಂದು ಅವರೇ ಕೇಳಿಕೊಳ್ಳಲಿ. ಬಿಎಸ್ಸಿ ತರಗತಿಯ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನವನ್ನು ದಯವಿಟ್ಟು ಇದಕ್ಕೆ ಕೊಡಿ.